ಒಂದು ನೋವಿಗೆ ಮೂರು ಹೆಸರು

ಮೂವರು ವೈದ್ಯರು ಒಬ್ಬಳೇ ಹುಡುಗಿಯನ್ನು ಒಂದೇ ಮುಂಜಾನೆ ಪರೀಕ್ಷಿಸಿ ಮೂರು ಬೇರೆ ಬೇರೆ ಕಾಯಿಲೆ ಬರೆದರೆ, ಅವರಲ್ಲಿ ಇಬ್ಬರಿಗಾದರೂ ತಮ್ಮ ಕೆಲಸ ಬರುವುದಿಲ್ಲ ಎಂದು ಯಾರೇ ಆದರೂ ಅಂದುಕೊಳ್ಳುತ್ತಾರೆ. ಡಾಕ್ಟರ್ ಗಿರಿಜಾ ಶಿಂತ್ರಿಯೂ ಹಾಗೆಯೇ ಅಂದುಕೊಂಡಿದ್ದಳು. ಆ ಮೂವರಲ್ಲಿ ತಾನೂ ಒಬ್ಬಳಾಗಿದ್ದರಿಂದ, ಆ ಇಬ್ಬರು ಯಾರು ಎಂಬ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ತಮಾಷೆಯೆಂದರೆ ಉಳಿದಿಬ್ಬರಿಗೂ ಇರಲಿಲ್ಲ.

ಧಾರವಾಡದ ಹೊರಗೆ, ಪೇರಲ ತೋಟಗಳ ನಡುವೆ ಹೊಸದಾಗಿ ಎದ್ದಿದ್ದ ಆ ಕ್ರೀಡಾ ವೈದ್ಯಕೀಯ ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತೊಡೆಸಂದಿನ ನೋವು ಎಂದು ಬಂದ ಪ್ರತಿಯೊಬ್ಬ ಆಟಗಾರರನ್ನೂ ಮೂವರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು, ಚಹದ ಹೊತ್ತಿನಲ್ಲೂ ಹೇಳಬಾರದು. ಮೂವರೂ ಬರೆದ ಮೇಲೆ ಕಂಪ್ಯೂಟರು ತಾಳೆ ನೋಡುತ್ತದೆ. ವರ್ಷವಿಡೀ ತಾಳೆ ನೋಡಿದ ಆ ಕಂಪ್ಯೂಟರು ಕೊನೆಗೆ ಹೇಳಿದ್ದಿಷ್ಟು: ಚೀಟಿ ಎತ್ತಿ ಕಾಯಿಲೆ ಹೆಸರಿಸಿದ್ದರೂ ಇದಕ್ಕಿಂತ ಬಹಳ ಕೆಟ್ಟದಾಗುತ್ತಿರಲಿಲ್ಲ.

ಇದರಲ್ಲಿ ವೈದ್ಯರ ತಪ್ಪು ಪೂರ್ತಿ ಇಲ್ಲ. ತೊಡೆಸಂದು ಎನ್ನುವುದು ಮೈಯ ಹುಬ್ಬಳ್ಳಿ ಜಂಕ್ಷನ್. ಹೊಟ್ಟೆಯ ಗೋಡೆ ಮೇಲಿನಿಂದ ಬಂದು ಅಲ್ಲಿ ನಿಲ್ಲುತ್ತದೆ, ತೊಡೆಯ ಒಳಸ್ನಾಯು ಕೆಳಗಿನಿಂದ ಬಂದು ಅಲ್ಲೇ ಸೇರುತ್ತದೆ, ಪಕ್ಕದಲ್ಲಿ ಸೊಂಟದ ಕೀಲು, ನಡುವೆ, ಕೆಳಹೊಟ್ಟೆಯ ಬುಡದಲ್ಲಿ, ಜಘನದ ಮೂಳೆ. ಅಲ್ಲಿ ನಿಂತಿರುವ ನೋವು ಯಾವ ಗಾಡಿಯಿಂದ ಇಳಿದದ್ದು ಎಂದು ಹೇಳುವುದು ಕಷ್ಟ. ಸ್ಕ್ಯಾನ್ ಇದೆಯಲ್ಲ ಎನ್ನಬಹುದು. ಆಡುವವರ ಸ್ಕ್ಯಾನ್‌ನಲ್ಲಿ ನೋವಿರಲಿ, ಇಲ್ಲದಿರಲಿ, ಎಲ್ಲವೂ ಅಷ್ಟಿಷ್ಟು ಸವೆದೇ ಕಾಣುತ್ತದೆ. ಅದನ್ನು ನಂಬಿದರೆ ದೇಶದ ಅರ್ಧ ಆಟಗಾರರನ್ನು ಹಾಸಿಗೆಗೆ ಕಟ್ಟಬೇಕಾಗುತ್ತದೆ.

ಈ ಸಲ ಬಂದವಳು ದಾನೇಶ್ವರಿ ಮುಳಗುಂದ. ಖೊ-ಖೊ ಆಟದಲ್ಲಿ ಬೆನ್ನಟ್ಟುವವಳು. ಅಂಕಣದ ನಡುಗೆರೆಯ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂದಿನಿಂದ ಗೆಳತಿಯ ಕೈ ಬೆನ್ನಿಗೆ ತಗುಲಿ 'ಖೊ' ಎಂಬ ಕೂಗು ಕಿವಿಗೆ ಬೀಳುವಷ್ಟರಲ್ಲಿ ಅವಳು ಎದ್ದು ಓಡಿ ಆಗಿರುತ್ತಿತ್ತು. ಆ ವರ್ಷ ಖೊ-ಖೊ ಮೊದಲ ಬಾರಿಗೆ ಏಷ್ಯಾದ ದೊಡ್ಡ ಕ್ರೀಡಾಕೂಟಕ್ಕೆ ಸೇರಿತ್ತು. ತಂಡದಲ್ಲಿ ಅವಳ ಹೆಸರು ಬಹುತೇಕ ಬರೆದಾಗಿತ್ತು. ಆಗ ಬಲ ತೊಡೆಸಂದಿನಲ್ಲಿ ನೋವು ಹತ್ತಿಕೊಂಡಿತು.

ಸರ್ಜನ್ ಭೂಪಾಲ ಉಪಾಧ್ಯೆ ಅವಳನ್ನು ನೋಡಿ, ಕೆಳಹೊಟ್ಟೆಯ ಗೋಡೆ ಹಿಸಿದಿದೆ, ಕೊಯ್ದು ಹೊಲಿಯಬೇಕು ಎಂದು ಬರೆದರು. ಮಂಗಳೂರಿನಿಂದ ಬಂದಿದ್ದ ಫಿಸಿಯೋ ಲಿಯೋ ಪಿಂಟೊ, ತೊಡೆಯ ಒಳಸ್ನಾಯುವಿನ ಬೇರು ದಣಿದಿದೆ, ವ್ಯಾಯಾಮ ಸಾಕು ಎಂದು ಬರೆದ. ಗಿರಿಜಾ, ಸೊಂಟದ ಕೀಲಿನ ಅಂಚು ಸವೆದಿದೆ, ವಿಶ್ರಾಂತಿ ಬೇಕು ಎಂದು ಬರೆದಳು. ಮೂರು ಅಭಿಪ್ರಾಯ ಬಂದರೆ ಹಿರಿಯರದ್ದು ನಡೆಯುತ್ತದೆ. ಉಪಾಧ್ಯೆಯವರು ಹಿರಿಯರು, ಬೆಳಗಾವಿಯಿಂದ ಬೀದರವರೆಗೆ ಹೆಸರಾದ ಕೈ. ಆಪರೇಷನ್ನಿಗೆ ತಾರೀಖು ಗೊತ್ತಾಯಿತು.

ಕೊಯ್ದರೆ ಆ ವರ್ಷದ ಕೂಟ ಹೋದಂತೆಯೇ. ನೋವು ನಿಜವಾಗಿ ಅಲ್ಲಿದ್ದರೆ ಆ ನಷ್ಟಕ್ಕೆ ಅರ್ಥವಿತ್ತು. ಇಲ್ಲದಿದ್ದರೆ ಸುಮ್ಮನೆ ಕೊಯ್ದಂತಾಗಿ, ಕತ್ತಿ ಮುಟ್ಟಿದ ತೊಡೆಸಂದು ಮತ್ತೆ ಅದೇ ವೇಗದಲ್ಲಿ ಏಳುತ್ತದೆಂದು ಯಾರೂ ಹೇಳುವಂತಿರಲಿಲ್ಲ.

"ಖರೇ ಹೇಳವಾ, ನೋವು ಎಲ್ಲೈತಿ?" ಎಂದು ಗಿರಿಜಾ ದಾನೇಶ್ವರಿಯನ್ನು ಮತ್ತೊಮ್ಮೆ ಕೇಳಿದಳು.

"ನೀವು ಒತ್ತಿದ್ರೆಲ್ಲಾ ಅಲ್ಲೇರಿ ಮೇಡಂ."

"ಉಪಾಧ್ಯೆ ಸರ್ ಒತ್ತಿದಾಗ?"

"ಅಲ್ಲೂ ಹೌದ್ರಿ." ಹುಡುಗಿ ತಲೆ ತಗ್ಗಿಸಿ ನಕ್ಕಳು. ತನ್ನಿಂದ ಇವರಿಗೆಲ್ಲ ತೊಂದರೆಯಾಯಿತಲ್ಲ ಎಂಬ ನಾಚಿಕೆ ಆ ನಗೆಯಲ್ಲಿತ್ತು.

ಇಂಥ ಹೊತ್ತಿನಲ್ಲಿ ಕೇಂದ್ರಕ್ಕೆ ಬಂದದ್ದು ಸಹವೇದಿ.

ಅದನ್ನು ಮಾಡಿದವಳು ನಜೀಮಾ ಸವಣೂರ ಎಂಬ ಎಂಜಿನಿಯರು. ಮಾತು ಕಡಿಮೆ, ಉಗುರು ಕಚ್ಚುವುದು ಹೆಚ್ಚು. ನೋಡಲು ಸಹವೇದಿ ಎರಡು ಅಗಲವಾದ ಪಟ್ಟಿ, ಅಷ್ಟೇ. ಬೆನ್ನುನೋವಿನವರು ಕಟ್ಟಿಕೊಳ್ಳುವ ನಡುಪಟ್ಟಿಗೆ ತೊಡೆಯವರೆಗೆ ಒಂದು ಬಾಲ ಸೇರಿಸಿದಂತೆ. ಒಂದನ್ನು ರೋಗಿ ಕಟ್ಟಿಕೊಳ್ಳಬೇಕು, ಇನ್ನೊಂದನ್ನು ವೈದ್ಯರು. ಬೇಕಾದರೆ ವೈದ್ಯರ ಪಟ್ಟಿ ಒಂದಕ್ಕಿಂತ ಹೆಚ್ಚು ಜೋಡಿಸಬಹುದು. ರೋಗಿಯ ಪಟ್ಟಿ ಆ ಭಾಗದ ನರಗಳಲ್ಲಿ ಓಡುವ ಸುದ್ದಿಯನ್ನು ಚರ್ಮದ ಮೇಲಿಂದಲೇ ಓದುತ್ತದೆ. ವೈದ್ಯರ ಪಟ್ಟಿ ಅದೇ ಸುದ್ದಿಯನ್ನು ವೈದ್ಯರ ಅದೇ ನರಗಳಿಗೆ ದಾಟಿಸುತ್ತದೆ.

"ಅಂದ್ರ ಆಕಿಗೆ ನೋವಾದ್ರ ನನಗೂ ನೋವಾಗ್ತೈತಿ?" ಎಂದು ಉಪಾಧ್ಯೆ ಹುಬ್ಬೇರಿಸಿದರು.

"ಹೌದ್ರಿ ಸರ್. ಅಷ್ಟ, ಅಲ್ಲೇ, ಹಂಗ."

"ಚಲೋ ಆತು ಬಿಡು. ಇಷ್ಟು ವರ್ಷ ಮಂದಿಗೆ ನೋವು ಕೊಟ್ಟೀನಿ. ಈಗ ನನ್ನ ಪಾಳಿ."

ಮೊದಲು ಕಟ್ಟಿಕೊಂಡವಳು ಗಿರಿಜಾ. ಪರೀಕ್ಷೆಯ ಮಂಚದ ಮೇಲೆ ದಾನೇಶ್ವರಿ ಮಲಗಿದ್ದಳು. ನಜೀಮಾ ಗುಂಡಿ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಗಿರಿಜಾಳ ಬಲಗಾಲು ಅವಳದಾಗಿ ಉಳಿಯಲಿಲ್ಲ. ನಿಂತಿದ್ದಾಳೆಂದು ಕಣ್ಣು ಹೇಳುತ್ತಿತ್ತು, ಮಲಗಿದ್ದಾಳೆಂದು ಕಾಲು ಹೇಳುತ್ತಿತ್ತು. ಗಟ್ಟಿ ತೊಡೆ, ತೆಳು ಚರ್ಮ, ತನಗಿಂತ ಎಷ್ಟೋ ವರ್ಷ ಕಿರಿಯ ಸ್ನಾಯುವಿನ ಬಿಗಿ. ಅವಳು ಹುಡುಗಿಯ ಮೊಣಕಾಲನ್ನು ಮಡಿಸಿ ಒಳಕ್ಕೆ ತಿರುಗಿಸಿದಳು. ಕೀಲಿನ ಆಳದಲ್ಲಿ ಏನೋ ಕಚ್ಚಿ ಹಿಡಿಯಿತು. "ಅಯ್ಯಯ್ಯಪ್ಪಾ!" ಎಂದು ಕೂಗಿದ್ದು ಡಾಕ್ಟರು, ರೋಗಿ ಸುಮ್ಮನೆ ಮಲಗಿದ್ದಳು.

ಗಿರಿಜಾ ಮಂಚದ ಅಂಚು ಹಿಡಿದು ನಿಂತಳು. ಹದಿನೆಂಟು ವರ್ಷದಿಂದ ಅವಳು ನೋವಿನ ಬಗ್ಗೆ ಓದಿದ್ದಳು, ಪಾಠ ಹೇಳಿದ್ದಳು, ಒಂದರಿಂದ ಹತ್ತರಲ್ಲಿ ಎಷ್ಟು ಎಂದು ಸಾವಿರ ಜನರನ್ನು ಕೇಳಿದ್ದಳು. ಇನ್ನೊಬ್ಬರ ನೋವನ್ನು ಮಾತ್ರ ಇಂದಿನವರೆಗೆ ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ. ಮನುಷ್ಯರು ಹುಟ್ಟಿದಾಗಿನಿಂದ ಒಬ್ಬೊಬ್ಬರ ಮೈಯೊಳಗೇ ಮುಚ್ಚಿಕೊಂಡಿದ್ದ ಒಂದು ಕೋಣೆಯ ಬಾಗಿಲು ಈಗ ತಾನೇ ತೆರೆದಿತ್ತು, ಅವಳು ಹೊಸಿಲಿನ ಮೇಲೆ ನಿಂತಿದ್ದಳು. ಅವಳಿಗೆ ಮೈ ಜುಮ್ಮೆಂದಿತು. ಅದು ಅವಳದೇ ಮೈ ಎಂಬುದರಲ್ಲಿ ಈ ಸಲ ಸಂಶಯವಿರಲಿಲ್ಲ.

ಆಮೇಲೆ ಉಪಾಧ್ಯೆ, ಆಮೇಲೆ ಪಿಂಟೊ, ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಇಬ್ಬರೂ ಬಿಳಿಚಿಕೊಂಡು ಹೊರಬಂದರು. ನಿಯಮದಂತೆ ಯಾರೂ ಯಾರಿಗೂ ಹೇಳದೆ ಬರೆದರು. ಕಂಪ್ಯೂಟರು ತಾಳೆ ನೋಡಿತು.

ಹೊಟ್ಟೆಯ ಗೋಡೆ. ಒಳಸ್ನಾಯು. ಸೊಂಟದ ಕೀಲು. ಮತ್ತೆ ಮೂರು.

"ನನ್ನ ಹೊಟ್ಟಿಯೊಳಗ ಬಂತ್ರಿ ಅದು! ನನ್ನ ಸ್ವಂತ ಹೊಟ್ಟಿಯೊಳಗ!" ಉಪಾಧ್ಯೆ ಮೇಜು ಗುದ್ದಿದರು.

"ನನಗೆ ತೊಡೆಯಲ್ಲಿ ಬಂತಲ್ಲ ಡಾಕ್ಟ್ರೇ, ಎಂತ ಮಾಡುದು ಈಗ? ನಾನು ಸುಳ್ಳು ಹೇಳ್ತೇನಾ?" ಎಂದ ಪಿಂಟೊ. ಅವನು ಜಗಳದ ಮನುಷ್ಯನಲ್ಲ. ಆದರೆ ಸ್ವಂತ ತೊಡೆಯ ಸಾಕ್ಷಿಯನ್ನು ಬಿಟ್ಟುಕೊಡಲು ಅವನಿಗೂ ಮನಸ್ಸಾಗಲಿಲ್ಲ.

ನಜೀಮಾ ಉಗುರು ಪೂರ್ತಿ ತಿಂದು ಮುಗಿಸಿದಳು. ಯಂತ್ರವೇ ಕೆಟ್ಟಿದೆ ಎಂದುಕೊಂಡು, ತಾನೇ ರೋಗಿಯ ಪಟ್ಟಿ ಕಟ್ಟಿಕೊಂಡು, ಮೂವರಿಗೂ ವೈದ್ಯರ ಪಟ್ಟಿ ಕಟ್ಟಿಸಿ ಸಾಲಾಗಿ ಕೂರಿಸಿ, ತನ್ನ ತೊಡೆಗೆ ಸೂಜಿ ಚುಚ್ಚಿಕೊಂಡಳು. ಮೂವರೂ ಒಂದೇ ಸಲ, ಒಂದೇ ಜಾಗ ಹಿಡಿದುಕೊಂಡು ಹಾರಿಬಿದ್ದರು. ಯಂತ್ರ ಸರಿಯಾಗಿಯೇ ಇತ್ತು.

ಸಂಜೆ ಗಿರಿಜಾ ಮನೆಯ ಮೆಟ್ಟಿಲು ಹತ್ತುವಾಗ ಬಲಗಾಲನ್ನು ಎಳೆದುಕೊಂಡು ಹತ್ತಿದಳು. ನೋವು ಹೋಗಿ ಎಷ್ಟೋ ಹೊತ್ತಾಗಿತ್ತು, ಕಾಲಿಗೆ ಮಾತ್ರ ಅದರ ಗುಂಗು ಬಿಟ್ಟಿರಲಿಲ್ಲ. ಅವಳ ಅತ್ತೆ ಬಸಲಿಂಗವ್ವ ಬಾಗಿಲಲ್ಲೇ ನಿಂತು ನೋಡಿದರು.

"ಯಾರದೋ ನಡಿಗಿ ಎರವಲ ತಂದಂಗೈತೆಲ್ಲವಾ?"

"ಖೊ-ಖೊ ಆಡೂ ಹುಡುಗಿದ ಐತ್ರಿ ಅತ್ತಿ. ನಾಳೆ ವಾಪಸ್ ಕೊಡ್ತೀನಿ."

"ಎರವಲ ತರೂದಾದ್ರ ಚಲೋದು ನೋಡಿ ತರಬೇಕಿಲ್ಲೊ," ಎನ್ನುತ್ತ ಅತ್ತೆ ರೊಟ್ಟಿ ಬಡಿಯಲು ಹೋದರು.

ಊಟಕ್ಕೆ ಎಣ್ಣೆಗಾಯಿ ಪಲ್ಯ. ಗಿರಿಜಾಳ ಗಂಡ ಮಹಾಂತೇಶ ಕಾಲೇಜಿನಲ್ಲಿ ಭೂಗೋಳ ಕಲಿಸುವವನು, ತಟ್ಟೆಯ ಮುಂದೆ ಕೂತರೆ ಲೋಕ ಮರೆಯುವವನು. ಬಸಲಿಂಗವ್ವ ಬಿಸಿ ರೊಟ್ಟಿ ಹಾಕುತ್ತ, "ಉಪ್ಪು ಬರೋಬ್ಬರಿ ಆಗೇತಿಲ್ಲೊ?" ಎಂದು ಕೇಳಿದರು. ಅವನು ಬಾಯ್ತುಂಬ ತುತ್ತು ಇಟ್ಟುಕೊಂಡೇ, "ಮಸ್ತ್ ಆಗೇತವ್ವಾ," ಎಂದ. ಅವರು ಒಳಗೆ ಹೋದರು. ಗಿರಿಜಾ ಸುಮ್ಮನೆ, "ಉಪ್ಪು ಹೆಂಗೈತಿ?" ಎಂದಳು.

"ಒಂಚೂರು ಕಮ್ಮಿ ಐತಿ. ಡಬ್ಬಿ ಕೊಡು."

"ಅವ್ವಗ ಮಸ್ತ್ ಅಂದ್ರಿ?"

"ಸುಳ್ಳು ಹೇಳಿಲ್ಲ ಬಿಡು," ಎಂದ ಮಹಾಂತೇಶ, ಉಪ್ಪು ಉದುರಿಸಿಕೊಳ್ಳುತ್ತ. "ಅವ್ವ ಎದುರಿಗೆ ನಿಂತು ಕೇಳಿದಾಗ ಖರೇನ ಬರೋಬ್ಬರಿ ಅನಿಸ್ತು. ಆಕಿ ಒಳಗ ಹೋದ್ಲು, ನಾಲಿಗಿಗೆ ಉಪ್ಪು ಕಡಿಮಿ ಆತು. ಏನ್ ಮಾಡ್ಲಿ?"

ಗಿರಿಜಾ ಜೋರಾಗಿ ನಕ್ಕಳು. ಈ ಮನುಷ್ಯನಿಗೆ ನೆಪ ಹೇಳುವುದರಲ್ಲಿ ಡಾಕ್ಟರೇಟು ಕೊಡಬೇಕು ಎಂದುಕೊಂಡಳು. ನಗುತ್ತ ನಗುತ್ತಲೇ ರೊಟ್ಟಿ ಮುರಿಯುತ್ತಿದ್ದ ಅವಳ ಕೈ ನಿಂತಿತು. ಅವನು ನೆಪ ಹೇಳದೆ, ನಿಜವನ್ನೇ ಹೇಳುತ್ತಿದ್ದರೆ?

ಮರುದಿನ ಅವಳು ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನಜೀಮಾಳನ್ನು ಹಿಡಿದಳು. ವೈದ್ಯರ ಪಟ್ಟಿಗೆ ಏನು ಬಂತು ಎಂದು ಎಲ್ಲರೂ ನೋಡಿದ್ದರು. ಹುಡುಗಿಯ ಪಟ್ಟಿಯಿಂದ ಏನು ಹೊರಟಿತು ಎಂದು ಯಾರೂ ನೋಡಿರಲಿಲ್ಲ. ನಜೀಮಾ ಮೂರೂ ಪರೀಕ್ಷೆಗಳ ದಾಖಲೆಯನ್ನು ಪರದೆಯ ಮೇಲೆ ಒಂದರ ಕೆಳಗೊಂದು ಬಿಡಿಸಿದಳು.

ಉಪಾಧ್ಯೆ ಕೋಣೆಗೆ ಕಾಲಿಟ್ಟ ಕ್ಷಣದಿಂದಲೇ, ಅವರು ಮುಟ್ಟುವುದಕ್ಕೂ ಮುಂಚೆಯೇ, ದಾನೇಶ್ವರಿಯ ಹೊಟ್ಟೆಯ ಗೋಡೆ ಹಲಗೆಯಂತೆ ಬಿಗಿದಿತ್ತು. ಆ ಬಿಗಿದ ಗೋಡೆಯನ್ನು ಒತ್ತಿದಾಗ ಅದರ ಬುಡದಲ್ಲಿ ನೋವು ಎದ್ದಿತ್ತು. ಪಿಂಟೊ ಬಂದಾಗ ಹೊಟ್ಟೆ ಸಡಿಲಾಗಿ ಎರಡೂ ತೊಡೆ ಒಂದಕ್ಕೊಂದು ಅಂಟಿಕೊಂಡಿದ್ದವು. ನೋವು ಒಳಸ್ನಾಯುವಿಗೆ ಇಳಿದಿತ್ತು. ಗಿರಿಜಾ ಬಂದಾಗ ಹುಡುಗಿ ಪೂರ್ತಿ ಸಡಿಲಬಿಟ್ಟು ಮಲಗಿದ್ದಳು. ಸ್ನಾಯುಗಳೆಲ್ಲ ಕೈಬಿಟ್ಟದ್ದರಿಂದ ಭಾರವೆಲ್ಲ ಕೀಲಿನ ಮೇಲೆ ಬಿದ್ದು ಅಲ್ಲಿ ಕಚ್ಚಿತ್ತು. ಮೂರೂ ನಿಜವಾದ ನೋವು. ನರ ಸುಳ್ಳು ಹೇಳುವುದಿಲ್ಲ.

"ಮೇಡಂ, ಅಂದ್ರ..." ನಜೀಮಾ ಪರದೆಯಿಂದ ತಿರುಗಿದಳು. "ಮೂರೂ ಮಂದಿ ಸರಿ?"

"ಮೂರೂ ಮಂದಿ ಸರಿ," ಎಂದಳು ಗಿರಿಜಾ. ಅವಳ ಕಣ್ಣು ತುಂಬಿತ್ತು, ಯಾಕೆಂದು ಅವಳಿಗೇ ತಿಳಿಯಲಿಲ್ಲ. ವರ್ಷವಿಡೀ ಅವರು ವೈದ್ಯರ ಕಣ್ಣು, ವೈದ್ಯರ ಕೈ, ವೈದ್ಯರ ತಲೆಗಳಲ್ಲಿ ತಪ್ಪು ಹುಡುಕಿದ್ದರು. ಮಂಚದ ಮೇಲೆ ಮಲಗಿದ ಮೈ, ಬಂದವರ ಮುಖ ನೋಡಿ ಬಂದವರಿಗೆ ತಕ್ಕ ಉತ್ತರ ಕೊಡುತ್ತಿತ್ತು. ಬಾಯಿಯಿಂದಷ್ಟೇ ಅಲ್ಲ, ಸ್ನಾಯುವಿನಿಂದ, ನರದಿಂದ, ನೋವಿನಿಂದಲೇ. ಎದುರು ಬಂದ ಹಿರಿಯರಿಗೆ ಇಲ್ಲ ಎನ್ನಬಾರದು ಎಂದು ಬಾಲ್ಯದಿಂದ ಕಲಿತದ್ದನ್ನು ಆ ಮೈ ಎಷ್ಟು ಆಳದವರೆಗೆ ಒಯ್ದಿತ್ತು! ಗಿರಿಜಾಳಿಗೆ ಹೆದರಿಕೆಯೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ದಾನೇಶ್ವರಿಯನ್ನು ಕರೆದು ಪರದೆಯನ್ನು ತೋರಿಸಿ ಎಲ್ಲ ವಿವರಿಸಿದಾಗ ಅವಳು ಗಾಬರಿಯಾದಳು. "ನಾ ಬೇಕಂತ ಮಾಡಿಲ್ರಿ ಮೇಡಂ. ದೊಡ್ಡ ಸರ್ ಬಂದ್ರ ಹೊಟ್ಟಿ ತಾನ ಬಿಗಿ ಹಿಡಿತೈತ್ರಿ. ಅವರು 'ಇಲ್ಲೇ ಐತಲ್ಲ' ಅಂತಾರ, ಅಲ್ಲೇ ನೋಯ್ತೈತ್ರಿ. ಹೌದು ಅನ್ನದ ಏನ್ ಅನ್ಲಿ?"

"ನಿಂದೇನೂ ತಪ್ಪಿಲ್ಲವಾ. ಯಾರೂ ಕೇಳದ ಇದ್ದಾಗ ನಿನಗ ಎಲ್ಲಿ ನೋಯ್ತೈತಿ, ಅದು ಬೇಕಾಗೇತಿ ನಮಗ."

"ನೀವು ಕೇಳಾಕ ಹತ್ತಿದ್ರ ಅದು ಹೆಂಗ ಸಿಗತೈತ್ರಿ?"

ದಾನೇಶ್ವರಿ ಕಿಟಕಿಯಾಚೆ, ತನ್ನ ಗೆಳತಿಯರು ಅಭ್ಯಾಸ ಮಾಡುತ್ತಿದ್ದ ಅಂಕಣದ ಕಡೆ ನೋಡಿದಳು. ಆಮೇಲೆ ತಾನೇ ಅಂದಳು: "ಒಂದು ವಾರ ನಾ ಪಟ್ಟಿ ಕಟ್ಕೊಂಡ ಆಡ್ತೀನ್ರಿ. ನೀವು ಯಾವಾಗ ಪಟ್ಟಿ ಕಟ್ಕೊಂಡು ಕೇಳ್ತೀರಿ ಅಂತ ಮಾತ್ರ ನನಗ ಹೇಳಬ್ಯಾಡ್ರಿ. ಆಟದಾಗ ನನಗ ಯಾವ ಸರ್‌ದೂ ನೆನಪ ಇರಂಗಿಲ್ಲ."

ಉಪಾಧ್ಯೆಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ತಮ್ಮನ್ನು ಕಂಡರೆ ಹುಡುಗಿಯ ಹೊಟ್ಟೆ ಬಿಗಿಯುತ್ತದೆ ಎಂಬುದು ಅವರಿಗೆ ಬೈದಂತೆ ಕೇಳಿಸಿತು. "ಹಂಗಾರ ಇಷ್ಟು ವರ್ಷ ನನ್ನ ಮುಂದ ಎಷ್ಟು ಹೊಟ್ಟಿ ಬಿಗಿದಾವ?" ಎಂದು ಸಿಟ್ಟಿನಿಂದ ಕೇಳಿದರು. ಪ್ರಶ್ನೆ ತಿರುಗಿ ಅವರ ಹತ್ತಿರವೇ ಬಂದು ಕೂತಿತು, ಅವರ ಮುಖ ಸಣ್ಣದಾಯಿತು. ಆಪರೇಷನ್ನಿನ ತಾರೀಖನ್ನು ಅವರು ರದ್ದು ಮಾಡಲಿಲ್ಲ. ಪಟ್ಟಿಯನ್ನು ಮಾತ್ರ ಸುಮ್ಮನೆ ಕೈಗೆತ್ತಿಕೊಂಡರು.

ಆ ವಾರದ ನಡುವೆ ಒಂದು ಇಳಿಹಗಲು, ಅಂಕಣದಲ್ಲಿ ಆಟ ಕಾವೇರಿದ ಹೊತ್ತಿಗೆ, ಮೂವರೂ ಪಟ್ಟಿ ಕಟ್ಟಿಕೊಂಡು ನಿಯಂತ್ರಣ ಕೋಣೆಯಲ್ಲಿ ಕೂತರು. ಕಿಟಕಿಗೆ ಪರದೆ ಎಳೆದಿತ್ತು. ಒಬ್ಬರ ಕೈ ಎಲ್ಲಿ ಹೋಗುತ್ತದೆಂದು ಇನ್ನೊಬ್ಬರು ನೋಡಬಾರದೆಂದು ನಜೀಮಾ ಕುರ್ಚಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದಳು. "ನಾವೂ ಖೊ-ಖೊ ಆಡ್ಲಿಕ್ಕೆ ಕೂತ ಹಾಗೆ ಆಯ್ತು ಮಾರಾಯ್ರೇ," ಎಂದ ಪಿಂಟೊ. ನಜೀಮಾ ಗುಂಡಿ ಒತ್ತಿದಳು.

ಗಿರಿಜಾ ಕುರ್ಚಿಯ ಮೇಲೆ ಕೂತಲ್ಲೇ ಕುಕ್ಕರಗಾಲಿಗೆ ಇಳಿದಳು. ಹಾಗೆಂದು ಅವಳ ಮೈ ಹೇಳಿತು. ಬೆನ್ನ ಹಿಂದೆ ಉಪಾಧ್ಯೆ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ದಪ್ಪ ಮನುಷ್ಯ ನೆಲಕ್ಕೆ ಕೂತು ಹತ್ತು ವರ್ಷಗಳಾಗಿದ್ದವು. ಈಗ ಅವರ ತೊಡೆಗೆ ಇಪ್ಪತ್ತೆರಡರ ಹುಡುಗಿಯ ತೊಡೆ ದಕ್ಕಿತ್ತು. ತೊಡೆಸಂದು ಪೂರ್ತಿ ಮಡಿಚಿ, ಸ್ನಾಯುಗಳೆಲ್ಲ ಹಗ್ಗದಂತೆ ಹುರಿಗೊಂಡು ಕಾಯುತ್ತಿದ್ದವು. ಕಾಯುವುದು ಇಷ್ಟು ದೊಡ್ಡ ಕೆಲಸವೆಂದು ಗಿರಿಜಾಳಿಗೆ ಗೊತ್ತಿರಲಿಲ್ಲ.

ಥಟ್ಟನೆ ಅದು ಆಯಿತು. 'ಖೊ' ಕೇಳಿಸಲಿಲ್ಲ, ಪಟ್ಟಿಗೆ ಕಿವಿ ಇಲ್ಲ. ತೊಡೆಯ ಒಳಗೆ ಒಂದು ಬೆಂಕಿಯ ಎಳೆ ಎದ್ದಿತು, ಒಂದೇ ಎಳೆ, ಬೆರಳಗಲದ್ದು. ಅದರ ಬೆನ್ನಿಗೇ ಇಡೀ ಮೈ ನೆಲವನ್ನು ಒದ್ದು ಹೊರಟಿತು. ಗಿರಿಜಾ ಕುರ್ಚಿಯ ಕೈ ಹಿಡಿದುಕೊಂಡಳು. ಎಡಕ್ಕೆ, ಕಂಬದತ್ತ, ಮತ್ತೆ ನೇರ. ಹೆಜ್ಜೆಹೆಜ್ಜೆಗೂ ಆ ಎಳೆ ಉರಿಯುತ್ತಿತ್ತು, ಹೆಜ್ಜೆಹೆಜ್ಜೆಗೂ ಕಾಲು ಅದನ್ನು ತುಳಿದುಕೊಂಡೇ ಮುಂದೆ ಹೋಗುತ್ತಿತ್ತು. ಎಲ್ಲಿಯೂ ಹೊಟ್ಟೆ ಬಿಗಿಯಲಿಲ್ಲ, ತೊಡೆ ಕೂಡಿಕೊಳ್ಳಲಿಲ್ಲ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಮೈ ಅದು. ಅದರ ಬಲ, ಅದರ ನಿರ್ಭಯ, ಆ ಉರಿಯನ್ನು ಲೆಕ್ಕಿಸದ ಅದರ ಸಡಗರ ಮೂವರು ನಡುವಯಸ್ಸಿನವರ ಸೊಂಟದೊಳಗೆ ಹಾದುಹೋಯಿತು. ಹುಡುಗಿ ಯಾರನ್ನೋ ಮುಟ್ಟಿರಬೇಕು. ಮೈ ಒಮ್ಮೆಲೆ ಹಗುರಾಯಿತು. ಆಮೇಲೆ ಮತ್ತೆ ಮಡಿಚಿ ಕೂತಿತು, ಎಳೆ ಮೆಲ್ಲಗೆ ಆರಿತು.

ಗಿರಿಜಾ ಅಳುತ್ತಿದ್ದಳು. ತಾನು ಇಷ್ಟು ವರ್ಷ ಕೈಯಿಂದ ಒತ್ತಿ ನೋಡಿದ್ದು ಇಂಥ ಮೈಗಳನ್ನೇ ಎಂದು ಅವಳಿಗೆ ಅನ್ನಿಸುತ್ತಿತ್ತು.

"ಹಂಗ ಇರ್ರಿ, ಯಾರೂ ಕೈ ತಗಿಬ್ಯಾಡ್ರಿ," ಎಂದಳು ನಜೀಮಾ.

ಮೂವರೂ ತಮ್ಮ ಬಲಗೈ ಎಲ್ಲಿದೆ ಎಂದು ನೋಡಿಕೊಂಡರು. ಮೂರು ಕೈಗಳೂ ಬಲತೊಡೆಯ ಒಳಮಗ್ಗುಲ ಬುಡದಲ್ಲಿದ್ದವು. ದಾನೇಶ್ವರಿಯ ನೋವಿಗೆ ಮೂವರೂ ಒಂದೇ ಜಾಗ ಮುಟ್ಟಿದ್ದು ಅದೇ ಮೊದಲು.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಆ ಬುಡದಲ್ಲಿ ಎರಡು ವಸ್ತುಗಳಿವೆ. ಸ್ನಾಯುವಿನ ಬೇರು ಒಂದು. ಆ ಬೇರು ಅಂಟಿಕೊಂಡಿರುವ ಜಘನದ ಮೂಳೆ ಇನ್ನೊಂದು. ನಡುವೆ ಒಂದು ಬೆರಳಿನ ಅಂತರ. ನೋವು ಬೇರಿನಲ್ಲಿದ್ದರೆ ಪಿಂಟೊನ ವ್ಯಾಯಾಮ ಸಾಕು, ಕೂಟದ ಹೊತ್ತಿಗೆ ಹುಡುಗಿ ಅಂಕಣದಲ್ಲಿರುತ್ತಾಳೆ. ಮೂಳೆಯಲ್ಲಿದ್ದರೆ ಆರು ತಿಂಗಳು ಓಡುವ ಹಾಗಿಲ್ಲ. ಓಡಿದರೆ ಮೂಳೆ ಬಿರಿಯುತ್ತದೆ. ಉಪಾಧ್ಯೆಯವರ ಬೆರಳು ಮೂಳೆಯ ಮೇಲಿತ್ತು, ಗಿರಿಜಾಳದ್ದು ಬೇರಿನ ಮೇಲೆ, ಪಿಂಟೊನದ್ದು ಎರಡರ ನಡುವೆ.

"ಇದಕ್ಕಿಂತ ಸಣ್ಣದಾಗಿ ಯಂತ್ರಕ್ಕ ಗೊತ್ತಾಗಂಗಿಲ್ರಿ," ಎಂದಳು ನಜೀಮಾ. "ಒಬ್ಬೊಬ್ಬರ ಮೈಯಾಗ ನರ ಒಂದೊಂದು ಬೆರಳು ಆಕಡೆ ಈಕಡೆ ಇರತಾವ. ಉಳಿದ ಒಂದ ಬೆರಳು ನೀವ ಕೇಳಿ ತಿಳ್ಕೋಬೇಕು."

ಕೇಳಿ. ಮತ್ತೆ ಅಲ್ಲಿಗೇ ಬಂತು. ಕೇಳಿದರೆ ಆ ಹುಡುಗಿ ಕೇಳಿದವರ ಬೆರಳಿಗೆ ಹೌದು ಎನ್ನುತ್ತಾಳೆ. ಗಿರಿಜಾ ತಾನೇ ಕೇಳುತ್ತೇನೆ ಎನ್ನುವಷ್ಟರಲ್ಲಿ ಉಪಾಧ್ಯೆ ಎದ್ದು ನಿಂತಿದ್ದರು. "ನಾ ಕೇಳ್ತೀನಿ," ಎಂದು ಕುಂಟುತ್ತ ಬಾಗಿಲ ಕಡೆ ನಡೆದರು. ಪಟ್ಟಿ ಬಿಚ್ಚಿದ್ದರೂ ಅವರ ಬಲಗಾಲು ನೇರವಾಗಿರಲಿಲ್ಲ. ಗಿರಿಜಾ, ಪಿಂಟೊ ಅವರ ಹಿಂದೆಯೇ ಹೊರಟರು. ಇನ್ನು ಯಾರು ಕೇಳಿದ್ದರೂ ಗಿರಿಜಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ದಾನೇಶ್ವರಿ ಬೆವರೊರೆಸಿಕೊಳ್ಳುತ್ತ ವರಾಂಡಕ್ಕೆ ಬಂದಿದ್ದಳು. ದೊಡ್ಡ ಸರ್ ಕುಂಟುತ್ತ ಬರುವುದನ್ನು ಕಂಡು ತಟ್ಟನೆ ನಿಂತಳು. ಅವರ ಅಂಗಿ ಒದ್ದೆಯಾಗಿತ್ತು, ಏದುಸಿರು ಬಿಡುತ್ತಿದ್ದರು. ಒಂದೆರಡು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಕೈ ಬಾಯಿಗೆ ಹೋಯಿತು.

"ಸರ್, ಈಗ ಪಟ್ಟಿಯಾಗ ಕೇಳಿದ್ರೇನು?"

"ಹೂಂ. ಈಗ." ಉಪಾಧ್ಯೆ ಗೋಡೆಗೆ ಒರಗಿದರು. "ಇಷ್ಟು ಉರಿ ಇಟ್ಕೊಂಡು ನೀ ಹಂಗ ಓಡ್ತಿ?"

ಅವಳು ನಕ್ಕಳು. ಹಿಂದಿನಂತೆ ತಲೆ ತಗ್ಗಿಸಲಿಲ್ಲ.

ಉಪಾಧ್ಯೆ ಅವಳ ಹತ್ತಿರ ಹೋಗಲಿಲ್ಲ, ಅವಳನ್ನು ಮುಟ್ಟಲಿಲ್ಲ. ತಮ್ಮದೇ ಪ್ಯಾಂಟಿನ ಮೇಲೆ, ತಮ್ಮದೇ ಜಘನದ ಮೂಳೆಯ ಮೇಲೆ ಬೆರಳಿಟ್ಟು, ನಾಚಿಕೆಯಿಲ್ಲದೆ ತೋರಿಸಿದರು. ಆದರೆ ಇಷ್ಟು ವರ್ಷದ ನಾಲಿಗೆ ಅದು. ಅದರಿಂದ ಬಂದದ್ದು ಹಳೆಯ ಪ್ರಶ್ನೆಯೇ. "ಇಲ್ಲೇ ಐತಲ್ಲ ತಂಗಿ?"

ಗಿರಿಜಾ ಕಣ್ಣು ಮುಚ್ಚಿಕೊಂಡಳು. ಆರು ತಿಂಗಳು, ಕೂಟ, ಹುಡುಗಿಯ ಇಡೀ ಓಟ ಆ ಒಂದು 'ಹೌದ್ರಿ'ಯಲ್ಲಿ ನಿಂತಿತ್ತು. ಪಕ್ಕದಲ್ಲಿ ಪಿಂಟೊ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದನೋ ಏನೋ, ಅವನ ತುಟಿ ಅಲುಗುತ್ತಿತ್ತು.

ದಾನೇಶ್ವರಿ ಆ ಬೆರಳನ್ನು ನೋಡಿದಳು. ಅವರ ಸೊಟ್ಟ ಕಾಲನ್ನು ನೋಡಿದಳು. ಮತ್ತೆ ಬೆರಳನ್ನು ನೋಡಿದಳು.

"ಅಲ್ಲರಿ ಸರ್," ಎಂದಳು.

ಅವಳೇ ಒಂದು ಹೆಜ್ಜೆ ಮುಂದೆ ಬಂದಳು. "ಇನ್ನೂ ಸ್ವಲ್ಪ ಕೆಳಗ್ರಿ. ಒಳಮಗ್ಗಲಿಗೆ."

ಉಪಾಧ್ಯೆ ಬೆರಳು ಸರಿಸಿದರು. "ಇಲ್ಲಿ?"

"ಇಲ್ರಿ, ಇನ್ನೂ ಕೆಳಗ."

"ಇಲ್ಲಿ?"

"ಹಾಂ, ಅಲ್ಲಿ ನೋಡ್ರಿ. ಎಲುಬು ಮುಗದು ಮೆತ್ತಗ ಶುರು ಆಗ್ತೈತೆಲ್ಲ, ಅಲ್ಲಿ."

ಉಪಾಧ್ಯೆ ಆ ಜಾಗವನ್ನು ಒತ್ತಿ ನೋಡಿದರು. ಬೆರಳ ಕೆಳಗೆ ಸ್ನಾಯುವಿನ ಬೇರಿತ್ತು, ಮೂಳೆ ಮೇಲೆ ಉಳಿದಿತ್ತು. ಅವರು ಗಿರಿಜಾಳ ಕಡೆ ತಿರುಗಿ, "ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ ಆ ತಾರೀಖು ಬಿಟ್ಟುಕೊಡ್ರಿ ಡಾಕ್ಟರ್. ಈ ಹುಡುಗಿಗೆ ಕತ್ತಿ ಬ್ಯಾಡ," ಎಂದರು. ಪಿಂಟೊ ಆಗಲೇ ವ್ಯಾಯಾಮದ ಕೋಣೆಯ ಬಾಗಿಲು ತೆರೆಯಲು ಓಡಿದ್ದ.

ಗಿರಿಜಾ ಫೋನು ತೆಗೆದು ನಂಬರು ಒತ್ತತೊಡಗಿದಳು.

"ಇಷ್ಟು ದಿನಾ ಯಾಕ ಹಿಂಗ ಹೇಳಲಿಲ್ಲವಾ?" ಎಂದು ಉಪಾಧ್ಯೆ ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ.

ದಾನೇಶ್ವರಿ ಅವರ ತೊಡೆಯ ಮೇಲೆ ಇನ್ನೂ ಇದ್ದ ಬೆರಳಿನ ಕಡೆ ನೋಡಿದಳು.

"ಇಷ್ಟು ದಿನಾ ನೀವು ಬೆರಳು ನನ್ನ ಮೈ ಮ್ಯಾಲ ಇಟ್ಟು ಕೇಳ್ತಿದ್ರಲ್ರಿ ಸರ್."